ಸಿ ಅಂದರೆ ಅಂತೆ

ವಿಲ್ಬರ್, ನನ್ನ ತಂಗಿಯ ಮೊಮ್ಮಗ, ಹನ್ನೊಂದು ವರ್ಷ,
ಚೀಸು ಸುತ್ತುವ ಕಾಗದದ ಮೇಲೆ
ನಾಲ್ಕು ವಾಕ್ಯ ಬರೆದು ತಂದ.
‘ಈಗ ಯಾರೂ ಚಿಲ್ಲರೆ ತರುವುದಿಲ್ಲ ಅಜ್ಜಿ,
ಫೋನು ತೋರಿಸಿ ಹೋಗುತ್ತಾರೆ.
ಇಷ್ಟಾದರೂ ಸ್ಪ್ಯಾನಿಷ್ ಬಾರದಿದ್ದರೆ
ನಿನ್ನ ಚೀಸು ಊರಿಗೆಲ್ಲ ಬಿಟ್ಟಿ.’

ಅಕ್ಷರ ಬಾರದ ನಾನು ಕಿವಿಯಿಂದ ಕಲಿತೆ.
ಒಲೆಯ ಮುಂದೆ, ಕಾಲ ಸುತ್ತ ಗಿನಿಯಿಲಿಗಳು
ಸೊಪ್ಪು ಬೇಡುತ್ತಿರುವಾಗ, ಅವಕ್ಕೇ ಒಪ್ಪಿಸಿದೆ:
ಯಾ ಎಸ್ತಾ ಪಗಾದೊ. ಆಯಿತು, ಸಂದಾಯವಾಯಿತು.
ತೊದಾವಿಯಾ ನೊ ಮೆ ಯೇಗಾ. ನನಗಿನ್ನೂ ಮುಟ್ಟಿಲ್ಲ.
ಯಾ ಮೆ ಯೆಗೊ. ಮುಟ್ಟಿತು.
ನಾಲ್ಕನೆಯದು ಉದ್ದ. ನಾಲಿಗೆ ಅದರ ನಡುವಲ್ಲೇ
ಕೂತುಬಿಡುತ್ತಿತ್ತು, ಏರು ಕಂಡ ಮುದಿ ಲಾಮಾದ ಹಾಗೆ.

ನನ್ನ ಬಾಯಲ್ಲಿರುವುದು ಮೂರೇ ಸ್ವರ: ಅ, ಇ, ಉ.
ಎ, ಒ ಎರಡೂ ಹಡಗಿನಲ್ಲಿ ಬಂದವು,
ನಮ್ಮ ಒಲೆಯ ಬೂದಿ ಮೆಟ್ಟಿದವಲ್ಲ.
ಪಗಾದು ಅನ್ನುತ್ತೇನೆ, ಹುಡುಗ ನಗುತ್ತಾನೆ;
ಗಿನಿಯಿಲಿ ನಗುವುದಿಲ್ಲ.

ಆದರೆ ತೊಡಕಾದದ್ದು ಸ್ವರವಲ್ಲ.
ಕೆಚುವಾದಲ್ಲಿ ಮಾತಿಗೊಂದು ಬಾಲವಿದೆ.
ಕಣ್ಣಾರೆ ಕಂಡದ್ದಕ್ಕೆ ‘ಮಿ’, ಕಿವಿಗೆ ಬಿದ್ದದ್ದಕ್ಕೆ ‘ಸಿ’.
ಮಳೆ ಬಂತು: ನೋಡು, ನನ್ನ ಶಾಲು ಒದ್ದೆ.
ಮಳೆ ಬಂತಂತೆ: ಅದು ಆಚೆ ಬೆಟ್ಟದವರ ಮಾತು.
ಬಾಲವಿಲ್ಲದ ಮಾತನ್ನು ನನ್ನವ್ವ
ಕಾವಿಲ್ಲದ ಕೊಡಲಿ ಅನ್ನುತ್ತಿದ್ದಳು.
ಸ್ಪ್ಯಾನಿಷಿನಲ್ಲಿ ದುಡ್ಡು ಬಂತು ಅಂದರೆ ಬಂತು;
ಯಾರು ಕಂಡರು, ಎಲ್ಲಿ ನಿಂತು ಕಂಡರು,
ಮಾತೊಳಗೆ ಅದಕ್ಕೆ ಜಾಗವೇ ಇಲ್ಲ.

ಭಾನುವಾರದ ಸಂತೆ. ಹ್ಯಾಟಿನವನೊಬ್ಬ,
ಕುಸ್ಕೋದಿಂದ ಕಾರಲ್ಲಿ ಬಂದವ,
ಮೂರು ಚೀಸು ಆರಿಸಿದ, ಮೂಸಿ, ಬೆರಳೊತ್ತಿ.
ಮೂವತ್ತಾರು ಸೋಲ್. ಫೋನೆತ್ತಿ ನನ್ನ ಮೂಗಿಗೆ ಹಿಡಿದ:
ನೇರಳೆ ಚಿತ್ರ, ಅದರಲ್ಲೊಂದು ಸರಿ ಗುರುತು.
‘ಪಗಾದು?’ ಅಂದೆ.
‘ಸಿ’ ಅಂದ. ‘ಸಿ, ಸಿ.’

ಅವರ ಭಾಷೆಯಲ್ಲಿ ‘ಸಿ’ ಅಂದರೆ ಹೌದು.
ನನ್ನ ಕಿವಿಗೆ ಕೇಳಿಸಿದ್ದು: ಅಂತೆ. ಅಂತೆ, ಅಂತೆ.
ಅಂತೆಕಂತೆಗಳ ಸಂತೆಗೆ ಚೀಸು ಹೊರಲು
ನಾನು ನಸುಕಲ್ಲೆದ್ದು ಎರಡು ಗುಡ್ಡ ಇಳಿದು ಬಂದಿಲ್ಲ.
ಕಳೆದ ತಿಂಗಳು ಎಯುಲೊಹಿಯಾ ಇಂಥದೇ ಚಿತ್ರಕ್ಕೆ
ಒಂದು ಮೂಟೆ ಒಣಗಿಸಿದ ಆಲೂಗಡ್ಡೆ ಕೊಟ್ಟಳು;
ಆ ದುಡ್ಡು ಇನ್ನೂ ದಾರಿಯಲ್ಲಿದೆಯಂತೆ.

ಚೀಸಿನ ಮೇಲೆ ಅಂಗೈ ಊರಿದೆ.
‘ತೊದಾವಿಯಾ ನೊ ಮೆ ಯೇಗಾ, ಸೆನ್ಯೋರ್.’
ಗಿನಿಯಿಲಿಗಳಿಗೆ ಹೇಳಿದಷ್ಟೇ ಮೆತ್ತಗೆ.
ಅವನು ಫೋನಿನ ಗಾಜು ಕುಟ್ಟಿದ. ಆಕಾಶ ನೋಡಿದ.
ಹಿಂದೆ ನಿಂತವಳು ಕೆಮ್ಮಿದಳು.
ನನ್ನ ಫೋನು ಲಂಗದ ಮಡಿಕೆಯಲ್ಲಿ ಬರೀ ಕಲ್ಲು.
ಈ ಊರಲ್ಲಿ ಸಿಗ್ನಲ್ ಸಿಗುವುದು ಇಗರ್ಜಿಯ ಮೂಲೆಯಲ್ಲಿ,
ಗೋಡೆಗೆ ಒರಗಿದವರಿಗೆ ಮಾತ್ರ.
ವಿಲ್ಬರ್ ಅದನ್ನು ಕಸಿದುಕೊಂಡು ಓಡಿದ,
ತೋಳೆತ್ತಿ ಗೋಡೆಗೆ ತಾಗಿಸಿ ನಿಂತ.

ಮೋಡವೊಂದು ಚೌಕ ದಾಟುವಷ್ಟು ಹೊತ್ತು.

‘ಬಂತು!’ ಅಲ್ಲಿಂದ ಕೂಗಿದ.
ಕಂಡದ್ದು ಅವನು, ನಾನಲ್ಲ;
ನನ್ನ ಲೆಕ್ಕಕ್ಕೆ ಇನ್ನೂ ಬಂತಂತೆ.
ಓಡಿ ಬಂದು ತೋರಿಸುವವರೆಗೆ ಕೈ ತೆಗೆಯಲಿಲ್ಲ.
ಮೂರು, ಆರು. ಅಂಕಿ ನನಗೆ ಗೊತ್ತು.
‘ಯಾ ಮೆ ಯೆಗೊ’ ಅಂದೆ. ಯಾಕೋ ಬರಿದೆನಿಸಿತು.
ಅದರ ಕೊನೆಗೆ, ಕಂಡೆ ಅನ್ನುವ ನಮ್ಮ ಬಾಲ ಅಂಟಿಸಿದೆ.
ಹ್ಯಾಟಿನವನು ತಲೆಯೆತ್ತಿದ.
‘ಅರಿ’ ಅಂದ, ಹೌದು ಅನ್ನುವ ನಮ್ಮ ಮಾತು,
ಕಾರಿನಲ್ಲಿ ಕೂತವರಿಗೆ ಕೇಳಿಸದಷ್ಟು ಸಣ್ಣಗೆ.

ಆತುರದಲ್ಲಿ ಮೂರನೆಯ ಚೀಸನ್ನು ಸುತ್ತಿದ್ದು
ವಿಲ್ಬರ್ ಬರೆದ ಕಾಗದದಲ್ಲಿ.
ಮೂರು ವಾಕ್ಯ ನನ್ನೊಳಗಿವೆ, ಹೋಗಲಿ.
ನಾಲ್ಕನೆಯದು ಜಿಡ್ಡು ಕುಡಿಯುತ್ತ ಕುಸ್ಕೋಗೆ ಹೋಯಿತು.
ಏನಿತ್ತೆಂದು ಹುಡುಗನಿಗೂ ಈಗ ನೆನಪಿಲ್ಲ.
ಆದರೆ ಅದೇ ಬಹಳ ಮುಖ್ಯವಾದದ್ದಂತೆ.